ನೋಬಿತಾ ಅಳುವಾಗ ಜಿಯಾನ್ ಎದುರಿಗಿರಬೇಕು

ಸಂಜೆಯಾದರೆ ಅಕ್ಕನ ಮಗ ಮೊಬೈಲ್ ಹಿಡಿದು ಡೋರೇಮಾನ್ ನೋಡಲು ಕೂರುತ್ತಾನೆ. ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಇರುತ್ತಾಳೆ. ಅವಳಿಗೆ ಹಿಂದಿ ಒಂದಕ್ಷರ ಬರುವುದಿಲ್ಲ, ಕೂತಲ್ಲಿಂದ ಮೊಬೈಲೂ ಕಾಣುವುದಿಲ್ಲ. ಆದರೂ ಮೊನ್ನೆ ಅಲ್ಲಿಂದಲೇ ಕೇಳಿದಳು: "ಏನೋ ಅಪ್ಪಿ, ಆ ದಡಿಯ ಮತ್ತೆ ಆ ಪಾಪದ ಹುಡುಗನ್ನ ಹೊಡೆದ್ನಾ?"

ಹೌದು, ಹೊಡೆದಿದ್ದ.

ಅಜ್ಜಿಗೆ ಅದು ಗೊತ್ತಾಗಿದ್ದು ದನಿಯಿಂದ. ಒಂದು ದನಿ ಏರಿದರೆ ಇನ್ನೊಂದು ಕುಗ್ಗುತ್ತದೆ, ದಿನಾ ಕೇಳಿ ಅವಳಿಗೆ ಅಭ್ಯಾಸ. ಕಾರ್ಟೂನ್ ಅಂದರೆ ಚಿತ್ರ ಅಂತ ನಾವು ಅಂದುಕೊಂಡಿದ್ದೇವೆ. ಅರ್ಧ ಕೆಲಸ ಮಾಡುವುದು ದನಿ. ಅದರಲ್ಲೂ ಬಹಳ ವರ್ಷ ಜೊತೆಯಲ್ಲಿ ಪಳಗಿದ ದನಿಗಳಿಗೆ ಒಂದು ಬೇರೆಯೇ ಶಕ್ತಿ ಇರುತ್ತದೆ. ಅಂಥ ತಂಡವನ್ನು ಒಡೆಯದೆ ಉಳಿಸಿಕೊಳ್ಳಬೇಕು, ಅವರ ಹೆಸರು ಮಕ್ಕಳಿಗೆ ಗೊತ್ತಾಗಬೇಕು. ನಾನು ಹೇಳಲು ಹೊರಟಿರುವುದು ಇಷ್ಟೇ.

ನಮ್ಮ ಹುಡುಗರು ಕೇಳುವುದು ಹಿಂದಿ ದನಿ. ಆದರೆ ನೋಬಿತಾ ಹೀಗೆ ಅಳಬೇಕು, ಜಿಯಾನ್ ಹೀಗೆ ಗದರಬೇಕು ಅಂತ ಮೊದಲು ತೀರ್ಮಾನವಾದದ್ದು ಜಪಾನಿನಲ್ಲಿ. ಅಲ್ಲಿ ಡೋರೇಮಾನ್ ಟಿವಿಗೆ ಮೊದಲು ಬಂದದ್ದು 1973ರಲ್ಲಿ. ಆರು ತಿಂಗಳಲ್ಲೇ ನಿಂತುಹೋಯಿತು. ಮತ್ತೆ ಬೇರೆ ಚಾನೆಲ್‌ನಲ್ಲಿ 1979ರ ಏಪ್ರಿಲ್‌ನಲ್ಲಿ ಶುರುವಾದಾಗ ಐದು ಜನರ ತಂಡ ಕಟ್ಟಿದರು. ಡೋರೇಮಾನ್‌ಗೆ ನೊಬುಯೊ ಒಯಾಮಾ, ನೋಬಿತಾಗೆ ನೊರಿಕೊ ಒಹಾರಾ, ಶಿಜುಕಾಗೆ ಮಿಚಿಕೊ ನೊಮುರಾ, ಜಿಯಾನ್‌ಗೆ ಕಜುಯಾ ತತೆಕಾಬೆ, ಸುನಿಯೋಗೆ ಕನೆತಾ ಕಿಮೊತ್ಸುಕಿ. ಮೊದಲ ಮೂವರು ಹೆಂಗಸರು. ಹೌದು, ನೋಬಿತಾಗೆ ದನಿ ಕೊಟ್ಟವರೂ ಹೆಂಗಸೇ.

ಇದರಲ್ಲೊಂದು ತಮಾಷೆ ಇದೆ. 1973ರ ಡೋರೇಮಾನ್‌ನಲ್ಲಿ ಒಹಾರಾ ನೋಬಿತಾನ ಅಮ್ಮನಾಗಿದ್ದರು, ಕಿಮೊತ್ಸುಕಿ ಜಿಯಾನ್ ಆಗಿದ್ದರು. 1979ರಲ್ಲಿ ಅಮ್ಮ ಮಗನಾದಳು; ದಾಂಡಿಗನಾಗಿದ್ದವರು ದಾಂಡಿಗನ ಬಾಲಬಡುಕನಾದರು. ಹೊಡೆಯುವವನ ದನಿ ಹೇಗಿರುತ್ತದೆ ಅಂತ ಕಿಮೊತ್ಸುಕಿಗೆ ಒಳಗಿನಿಂದಲೇ ಗೊತ್ತಿತ್ತು. ಅಂಥವನ ಪಕ್ಕದಲ್ಲಿ ನಿಂತು ಹಲ್ಲುಗಿಂಜುವುದು ಅವರಿಗೆ ಕಷ್ಟವಾಗಿರಲಿಕ್ಕಿಲ್ಲ.

ಇನ್ನೊಂದು ಜೋಡಿ ಇದಕ್ಕಿಂತ ಮಜಾ. ಡೋರೇಮಾನ್‌ಗೆ ಮೊದಲೇ, 1975ರಿಂದ, ತತ್ಸುನೊಕೊ ಎಂಬ ಕಂಪನಿ 'ಟೈಮ್ ಬೊಕಾನ್' ಅನ್ನುವ ಕಾರ್ಟೂನ್ ಮಾಲೆ ಮಾಡುತ್ತಿತ್ತು. ಅದರಲ್ಲಿ ಮೂವರು ಪೆದ್ದ ಖಳರು: ಜಂಬದ ಯಜಮಾನಿ, ಯಂತ್ರ ಕಟ್ಟುವ ಒಬ್ಬ, ಕಸುವಿರುವ ಇನ್ನೊಬ್ಬ. ಯಜಮಾನಿ ನೊರಿಕೊ ಒಹಾರಾ, ಯಂತ್ರದವನು ಜೋಜಿ ಯಾನಾಮಿ, ಕಸುವಿನವನು ಕಜುಯಾ ತತೆಕಾಬೆ. 1983ರವರೆಗೆ ಆ ಮಾಲೆಯಲ್ಲಿ ಏಳು ಕಾರ್ಟೂನ್ ಬಂದವು. ಪಾತ್ರಗಳ ಹೆಸರು, ವೇಷ ಪ್ರತಿ ಸಲ ಬದಲಾಯಿತು. ಮೂರು ದನಿ ಬದಲಾಗಲಿಲ್ಲ. ಅದರಲ್ಲಿ 'ಯಾಟರ್‌ಮ್ಯಾನ್' ಒಂದೇ 108 ಕಂತು ಓಡಿತು. 2008ರಲ್ಲಿ ಅದನ್ನು ಹೊಸದಾಗಿ ಮಾಡಿದಾಗ ಅದೇ ಮೂವರನ್ನು ಮತ್ತೆ ಕರೆದರು. ಅಷ್ಟರಲ್ಲಿ ಮೂವರಿಗೂ 70 ದಾಟಿತ್ತು.

ಈಗ ಲೆಕ್ಕ ಹಾಕಿ. ಡೋರೇಮಾನ್‌ನಲ್ಲಿ ತತೆಕಾಬೆ ಗದರಿದರೆ ಒಹಾರಾ ಅಳಬೇಕು. ಯಾಟರ್‌ಮ್ಯಾನ್‌ನಲ್ಲಿ ಒಹಾರಾ ಗದರಿದರೆ ತತೆಕಾಬೆ ತಲೆ ತಗ್ಗಿಸಬೇಕು. ಒಬ್ಬರನ್ನೊಬ್ಬರು ವರ್ಷಗಟ್ಟಲೆ ಎರಡೂ ಕಡೆಯಿಂದ ಕೇಳಿದವರು ಇವರು. ಎದುರಿನವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಷ್ಟು ಹೊತ್ತು ಸುಮ್ಮನಿದ್ದರೆ ನಗು ಬರುತ್ತದೆ ಅನ್ನುವುದನ್ನು ಕಾಗದದಲ್ಲಿ ಬರೆದುಕೊಡಲು ಬರುವುದಿಲ್ಲ.

ಅಲ್ಲಿ ಕೆಲಸ ಮಾಡುವ ರೀತಿಯೂ ಇದಕ್ಕೆ ಕಾರಣ. ಜಪಾನಿನ ಸ್ಟುಡಿಯೋದಲ್ಲಿ ಮುಂದೆ ಪರದೆ, ಸಾಲಾಗಿ ಮೂರೋ ನಾಲ್ಕೋ ಮೈಕು. ಕಲಾವಿದರೆಲ್ಲ ಒಂದೇ ಕೋಣೆಯಲ್ಲಿ ಕೈಯಲ್ಲಿ ಸಂಭಾಷಣೆ ಹಿಡಿದು ಕೂತಿರುತ್ತಾರೆ. ತಮ್ಮ ಸರದಿ ಬಂದಾಗ ಸದ್ದಿಲ್ಲದೆ ಎದ್ದು ಮೈಕಿನ ಮುಂದೆ ಬಂದು ಮಾತಾಡಿ ಹಿಂದೆ ಸರಿಯುತ್ತಾರೆ. ನೋಬಿತಾ ಅಳುವಾಗ ಜಿಯಾನ್ ನಿಜವಾಗಲೂ ಪಕ್ಕದಲ್ಲೇ ಇರುತ್ತಾನೆ.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ್ಯ, ಆಮೇಲೆ ಅರ್ಥಧಾರಿಗಳ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರ ಎದುರು ಸಾಮಗರು ಅಂದರೆ ಜನ ನಿದ್ದೆಗೆಟ್ಟು ಕೇಳುತ್ತಿದ್ದರು. ಪ್ರಸಂಗ ಗೊತ್ತಿದ್ದದ್ದೇ, ಗೆಲ್ಲುವವರು ಯಾರು ಅಂತಲೂ ಗೊತ್ತು. ಆದರೂ ಇವರಿಗೆ ಅವರು ಏನು ಉತ್ತರ ಕೊಡುತ್ತಾರೆ ಅನ್ನುವುದೇ ಕುತೂಹಲ. ಇಬ್ಬರನ್ನೂ ಬೇರೆ ಬೇರೆ ದಿನ ಕರೆಸಿ ರೆಕಾರ್ಡ್ ಮಾಡಿ ಜೋಡಿಸಿದ್ದರೆ ಯಾರು ಕೇಳುತ್ತಿದ್ದರು?

ನಮ್ಮ ದೇಶದ ಡಬ್ಬಿಂಗ್‌ನಲ್ಲಿ ಸಾಮಾನ್ಯವಾಗಿ ನಡೆಯುವುದು ಹಾಗೇ. ಒಬ್ಬರೇ ಒಳಗೆ ಹೋಗುತ್ತಾರೆ, ಕಿವಿಗೆ ಹೆಡ್‌ಫೋನ್, ಚಿತ್ರದ ತುಟಿಗೆ ಮಾತು ಕೂರಿಸಿ ಬರುತ್ತಾರೆ. ಎದುರಿನವರ ಉತ್ತರ ಇನ್ಯಾವತ್ತೋ. ಹೀಗಿದ್ದೂ ಹಿಂದಿ ಡೋರೇಮಾನ್‌ನ ಸೋನಲ್ ಕೌಶಲ್ ಅಂಥವರ ದನಿ ಹಳ್ಳಿಹಳ್ಳಿಯ ಮಕ್ಕಳ ಕಿವಿಯಲ್ಲಿ ಉಳಿದಿದೆ ಅಂದರೆ ಅದು ಅವರ ಸಾಮರ್ಥ್ಯ.

ಕನ್ನಡದ ಕಥೆ ಬೇರೆ. ಇಲ್ಲಿ ಡಬ್ಬಿಂಗ್‌ಗೆ ದಶಕಗಟ್ಟಲೆ ಅಘೋಷಿತ ತಡೆ ಇತ್ತು. 2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನ್‌ಗಳು ಕನ್ನಡ ಮಾತಾಡಿದ್ದೇ ಒಂದು ಖುಷಿ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಆದೇಶ ಕೊಟ್ಟಿತು. ಬಾಗಿಲು ತೆರೆದಿದೆ. ಒಳಗೆ ಬಂದವರನ್ನು ಒಂದು ತಂಡವಾಗಿ ಬೆಳೆಸುವ ಕೆಲಸ ಬಾಕಿ ಇದೆ. ಆ ಕೆಲಸ ಈಗ ಆಗದಿದ್ದರೆ, ದನಿ ನಕಲು ಮಾಡುವ ಯಂತ್ರ ಬಂದಿರುವ ಈ ಕಾಲದಲ್ಲಿ ಕಲಾವಿದರೇ ಬೇಡ ಅನ್ನುವವರು ಮುಂದೆ ಬರುತ್ತಾರೆ. ಹೆಸರೇ ಗೊತ್ತಿಲ್ಲದವರ ಕೆಲಸ ಹೋದರೆ ಕೇಳುವವರು ಯಾರು?

"ಅದೇ ಅದೇ ಜನರನ್ನು ಕರೆದರೆ ಹೊಸಬರ ಗತಿ ಏನು?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜಪಾನಿನ ಆ ಐವರು ಸುಮಾರು 26 ವರ್ಷ ಜೊತೆಗಿದ್ದು 2005ರಲ್ಲಿ ಒಟ್ಟಿಗೇ ಜಾಗ ಬಿಟ್ಟರು. ಅವರ ಜಾಗಕ್ಕೆ ಬಂದದ್ದೂ ಐವರ ಹೊಸ ತಂಡ. ಅದರಲ್ಲಿ ಜಿಯಾನ್ ಆದ ಸುಬಾರು ಕಿಮುರಾಗೆ ಆಗ 14 ವರ್ಷ, ಇನ್ನೂ ಶಾಲೆಗೆ ಹೋಗುವ ಹುಡುಗ. ಹಳಬರು ಒಟ್ಟಿಗೆ ಇದ್ದರು, ಹೊಸಬರಿಗೂ ಒಟ್ಟಿಗೆ ಬೆಳೆಯಲು ಜಾಗ ಸಿಕ್ಕಿತು. ಎಲ್ಲರನ್ನೂ ಒಂದೇ ದಿನ ಸ್ಟುಡಿಯೋಗೆ ಕರೆಸಿದರೆ ಖರ್ಚು ಜಾಸ್ತಿ ಅನ್ನುವುದೂ ನಿಜ. ಎಲ್ಲ ಕಂತಿಗೂ ಬೇಡ. ಜಗಳ, ಅಳು, ನಗು ಇರುವ ಕಡೆಯಾದರೂ ಇಬ್ಬರನ್ನು ಎದುರುಬದುರು ನಿಲ್ಲಿಸಿ ನೋಡಲಿ.

ಹಳೆಯ ತಂಡದಲ್ಲಿ ತತೆಕಾಬೆ 2015ರಲ್ಲಿ, ಕಿಮೊತ್ಸುಕಿ 2016ರಲ್ಲಿ ತೀರಿಕೊಂಡರು. 2024ರ ಜುಲೈನಲ್ಲಿ ಒಹಾರಾ, ಸೆಪ್ಟೆಂಬರ್‌ನಲ್ಲಿ ಒಯಾಮಾ ಹೋದರು. ಜಪಾನಿನಲ್ಲಿ ಜನ ಅವರ ಹೆಸರು ಹಿಡಿದು ದುಃಖಪಟ್ಟರು.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದೆ. ಜಿಯಾನ್ ಬೇರೆ ಕಾರ್ಟೂನ್‌ನಲ್ಲಿ ನೋಬಿತಾನ ಮಾತು ಕೇಳಿಕೊಂಡು ಬಿದ್ದಿದ್ದ ಅಂದಾಗ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಕೇಳಿದ: "ಕನ್ನಡದ ಕಾರ್ಟೂನಲ್ಲಿ ಮಾತಾಡೋರು ಯಾರು ಮಾಮ?"

ಒಂದು ಕನ್ನಡ ಕಾರ್ಟೂನ್ ಹಾಕಿ ಕೊನೆಯವರೆಗೆ ಕಾದೆವು. ಹೆಸರು ಬರುವ ಹೊತ್ತಿಗೆ ಮೊಬೈಲ್ ತಾನಾಗಿ ಮುಂದಿನ ಕಂತಿಗೆ ಹಾರಿತು. ಹುಡುಗ ಅದನ್ನೇ ನೋಡುತ್ತಾ ಕೂತ.

ಮುಂದಿನ ಸಲ ನಿಮ್ಮ ಮನೆಯ ಮಕ್ಕಳು ಕಾರ್ಟೂನ್ ನೋಡುವಾಗ ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿ. ಚೆನ್ನಾಗಿದ್ದರೆ, ಈ ದನಿ ಯಾರದ್ದು ಅಂತ ಚಾನೆಲ್‌ಗೆ ಒಂದು ಮೆಸೇಜ್ ಹಾಕಿ. ಹತ್ತು ಜನ ಕೇಳಿದರೆ ಅವರೂ ಹೇಳಲೇಬೇಕಾಗುತ್ತದೆ.