ದೇವರ ಗುಡಿಯೂ ಸರಕಾರದ ಕಚೇರಿಯೂ

ಧರ್ಮವನ್ನು ರಾಜ್ಯಕಾರಭಾರದಿಂದ ಬೇರ್ಪಡಿಸಿದರೆ ಧರ್ಮವೇ ಮುಳುಗಿಹೋಗುವದೆಂದು ಕೂಗುವ ಮಹಾಶಯರು ನಮ್ಮಲ್ಲಿ ಊರೂರಿಗೂ ಇದ್ದಾರೆ. ಅವರಲ್ಲಿ ಕೆಲವರು ನಿಜವಾದ ಭಕ್ತರು. ಅವರ ಅಂಜಿಕೆಯನ್ನು ನಾವು ಹಗುರಾಗಿ ಕಾಣುವದಿಲ್ಲ. ಉಳಿದವರ ಭಕ್ತಿಯಾದರೋ ಚುನಾವಣೆಯು ಸಮೀಪಿಸಿದಂತೆಲ್ಲ ಉಕ್ಕೇರಿ, ಮತಗಳ ಎಣಿಕೆ ಮುಗಿದೊಡನೆ ಇಳಿಯುವಂಥದು. ಇಬ್ಬರಿಗೂ ನಮ್ಮ ಉತ್ತರವು ಒಂದೇ: ಈ ಬೇರ್ಪಡಿಕೆಯಿಂದ ಮೊದಲು ರಕ್ಷಣೆ ಪಡೆದದ್ದು ಧರ್ಮವೇ.

ಇದಕ್ಕೆ ಸಾಕ್ಷಿಯನ್ನು ಫ್ರಾನ್ಸ ದೇಶದಿಂದ ತರಬೇಕಾಗಿಲ್ಲ. ನಮ್ಮ ಉಡುಪಿಯೇ ಸಾಕು. ಉಡುಪಿಯು ಆಗ ಮದ್ರಾಸ ರಾಜ್ಯಕ್ಕೆ ಸೇರಿತ್ತು. ಅಲ್ಲಿಯ 1951ರ ಧರ್ಮಾದಾಯ ಕಾನೂನು, ಅಧಿಕಾರಿಗಳು ಬೇಕೆಂದಾಗ ಗುಡಿಮಠಗಳೊಳಗೆ ಹೊಗಬಹುದೆಂದು ಹೇಳಿತು. ಅವುಗಳ ಉತ್ಪನ್ನದಲ್ಲಿ ಶೇಕಡಾ 5ರ ವರೆಗೆ ವಂತಿಗೆಯನ್ನೂ ಕೇಳಿತು. ಶಿರೂರು ಮಠದ ಸ್ವಾಮಿಗಳು ನ್ಯಾಯಾಸನದ ಮೊರೆಹೊಕ್ಕರು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಅನಿರ್ಬಂಧ ಪ್ರವೇಶವನ್ನು ತೆಗೆದುಹಾಕಿತು. ಆ ವಂತಿಗೆಯು ಕರವೇ ಸರಿ, ಅದನ್ನು ವಿಧಿಸುವ ಅಧಿಕಾರವು ಆ ಶಾಸನಸಭೆಗೆ ಇಲ್ಲವೆಂದು ಹೇಳಿತು. ಮಠವನ್ನು ಕಾಯ್ದದ್ದು ಯಾವದು? ಯಾವ ಸಂವಿಧಾನವನ್ನು ಧರ್ಮಹೀನವೆಂದು ಇವರು ಜರೆಯುತ್ತಾರೋ ಅದೇ!

ಆಗ ಅದೇ ಜಿಲ್ಲೆಗೆ ಸೇರಿದ್ದ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ವ್ಯಾಜ್ಯವನ್ನೂ ವಾಚಕರು ನೆನೆಯಲಿ. ಗುಡಿಯು ತಮ್ಮ ಪಂಗಡಕ್ಕೆ ಮಾತ್ರ ಸೇರಿದ್ದೆಂದೂ, ಹರಿಜನರೇ ಮೊದಲಾದವರ ಪ್ರವೇಶಕ್ಕೆ ತಾವು ಬದ್ಧರಲ್ಲವೆಂದೂ ಅದರ ವಿಶ್ವಸ್ತರು ವಾದಿಸಿದರು. 1957ರಲ್ಲಿ ಅದೇ ನ್ಯಾಯಾಲಯವು ಪಂಗಡಕ್ಕೆ ಮೀಸಲಾದ ಕೆಲವು ವಿಶೇಷ ಸೇವೆಗಳನ್ನು ಉಳಿಸಿಕೊಟ್ಟಿತು. ಆದರೆ ಬಾಗಿಲನ್ನು ಸರ್ವ ಹಿಂದುಗಳಿಗೂ ತೆರೆಯಿಸಿತು. ಪೂಜೆಯ ವಿಧಿಯಲ್ಲಿ ಅಧಿಕಾರಿಯು ಕೈಹಾಕಬಾರದು. ಪ್ರಜೆಯ ಸಮಾನತೆಯಲ್ಲಿ ಮತದ ಮುಖಂಡರು ಕೈಹಾಕಬಾರದು. ಈ ಎರಡನ್ನೂ ಕೂಡಿಸಿ ಓದಿದವರಿಗೇ ನಮ್ಮ ಪಕ್ಷವು ತಿಳಿದೀತು.

ಸೆಕ್ಯುಲರ ಎಂಬ ಶಬ್ದವು 1976ರಲ್ಲಿ 42ನೆಯ ತಿದ್ದುಪಡಿಯಿಂದ ಬಂದದ್ದು, ಅದು ಮೂಲದಲ್ಲಿರಲಿಲ್ಲ ಎಂಬದು ಇವರ ಮತ್ತೊಂದು ಬಾಣ. ಶಬ್ದವು ತಡವಾಗಿ ಬಂದದ್ದು ನಿಜ. ಅರ್ಥವೋ? 1931ರ ಕರಾಚಿ ಕಾಂಗ್ರೆಸ್ಸೇ ರಾಜ್ಯವು ಎಲ್ಲ ಮತಗಳ ವಿಷಯದಲ್ಲಿಯೂ ತಟಸ್ಥವಾಗಿರತಕ್ಕದ್ದೆಂದು ಠರಾಯಿಸಿತ್ತು. 1950ರ ಸಂವಿಧಾನದ 27ನೆಯ ಅನುಚ್ಛೇದವು ಯಾವದೊಂದು ಮತದ ಪೋಷಣೆಗಾಗಿಯೇ ತೆರಿಗೆಯನ್ನು ಕೊಡಬೇಕೆಂಬ ಬಲವಂತವನ್ನು ನಿಷೇಧಿಸಿತು. 28ನೆಯದು ಸಂಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧನೆ ಕೂಡದೆಂದಿತು. 1994ರಲ್ಲಿ ನಮ್ಮ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಇದು ಸಂವಿಧಾನದ ಮೂಲಸ್ವರೂಪಕ್ಕೆ ಸೇರಿದ್ದೆಂದು ನಿರ್ಣಯಿಸಿತು. ಹೆಸರಿಡುವದು ತಡವಾದ ಮಾತ್ರಕ್ಕೆ ಕೂಸು ಹುಟ್ಟಿರಲಿಲ್ಲವೆಂದು ಯಾರಾದರೂ ಅಂದಾರೆಯೇ?

ನಮ್ಮ ಅರಸರು ಸರ್ವಮತಗಳನ್ನೂ ಸಮನಾಗಿ ಕಂಡರಲ್ಲ, ಈ ಹೊಸ ಕಟ್ಟಳೆಯೇಕೆ ಎಂದೂ ಕೇಳುವವರುಂಟು. ಅಹುದು, 1368ರಲ್ಲಿ ಬುಕ್ಕರಾಯನು ಜೈನರಿಗೂ ವೈಷ್ಣವರಿಗೂ ಇದ್ದ ಜಗಳವನ್ನು ಪರಿಹರಿಸಿ, ಉಭಯ ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದ್ದನ್ನು ಶ್ರವಣಬೆಳಗೊಳದ ಶಾಸನವು ಇಂದಿಗೂ ಹೇಳುತ್ತದೆ. ಕನ್ನಡಿಗರಿಗೆ ಅದು ಹೆಮ್ಮೆಯ ಮಾತೇ. ಆದರೆ ಅದು ಅರಸನ ದೊಡ್ಡತನ. ಅರಸನ ಮನಸ್ಸು ತಿರುಗಿದ್ದರೆ ಜೈನನ ಗತಿಯೇನು? ದೊರೆಯ ಕೃಪೆಯಿಂದ ದೊರೆತದ್ದನ್ನು ಪ್ರಜೆಯ ಹಕ್ಕನ್ನಾಗಿ ಮಾಡಲಿಕ್ಕೆಂದೇ ನಾವು ಸ್ವರಾಜ್ಯವನ್ನು ಬೇಡಿದ್ದು.

ಇಂದಿನ ವಿಪರೀತವನ್ನಿಷ್ಟು ನೋಡಿರಿ. ಗುಡಿಯ ಹುಂಡಿಯಿಂದ ಸರಕಾರವು ಕೈ ತೆಗೆಯಲಿ ಎನ್ನುವವರೇ ಸರಕಾರದ ಖಜಾನೆಯಲ್ಲಿ ಮತದ ಕೈ ಇರಲಿ ಎನ್ನುತ್ತಾರೆ! ದೇವರ ಆಸ್ತಿಯ ಲೆಕ್ಕವನ್ನು ಕಾನೂನಿನಂತೆ ಪರೀಕ್ಷಿಸುವದು ಬೇರೆ, ಪೂಜೆಯನ್ನು ಆಳುವದು ಬೇರೆ. ಸರಕಾರವು ಈ ಗೆರೆಯನ್ನು ದಾಟಿದಲ್ಲಿ ನಾವೂ ಅವರೊಡನೆ ನಿಂತು ವಿರೋಧಿಸುವೆವು. ಆದರೆ ಎಲ್ಲರ ಕಂದಾಯದಿಂದ ಕಟ್ಟಿದ ಕಚೇರಿಯು ಒಂದೇ ಮತದವರ ಮನೆಯಂತೆ ಕಾಣತೊಡಗಿದರೆ, ಅರ್ಜಿಯನ್ನು ಹಿಡಿದು ಬಂದ ಬಡ ಮುಸಲ್ಮಾನನೋ, ಕ್ರೈಸ್ತನೋ, ಯಾವ ದೇವರನ್ನೂ ನಂಬದವನೋ ಬಾಗಿಲಲ್ಲಿಯೇ ಹಿಂಜರಿಯುವನು. ಅವನ ಅರ್ಜಿಯು ತಿರಸ್ಕೃತವಾಗದಿರಬಹುದು. ನ್ಯಾಯವು ದೊರೆತೀತೆಂಬ ನಂಬಿಕೆಯು ಮಾತ್ರ ಅಲ್ಲಿಯೇ ಸಾಯುತ್ತದೆ.

ಚುನಾವಣೆಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1951ರ ಪ್ರಜಾಪ್ರಾತಿನಿಧ್ಯ ಕಾನೂನಿನ 123ನೆಯ ಕಲಮಿನಂತೆ ಮತದ ಹೆಸರಿನಿಂದ ಓಟು ಕೇಳುವದು ಭ್ರಷ್ಟಾಚಾರ. ಅಭ್ಯರ್ಥಿಯ ಮತವಷ್ಟೇ ಅಲ್ಲ, ಮತದಾರನ ಮತವನ್ನು ಎತ್ತಿ ಆಡಿದರೂ ಅದು ಅಪರಾಧವೇ ಎಂದು 2017ರಲ್ಲಿ ಏಳು ನ್ಯಾಯಾಧೀಶರ ಪೀಠವು ನಾಲ್ಕು-ಮೂರರ ಬಹುಮತದಿಂದ ಹೇಳಿದೆ. ಇಷ್ಟಿದ್ದರೂ ಇಂಥ ಭಾಷಣಗಳಿಗೆ ನಮ್ಮ ಪೇಟೆಯ ಸಭೆಗಳಲ್ಲಿ ಚಪ್ಪಾಳೆ ಬೀಳುತ್ತಿದ್ದರೆ, ದೋಷವು ಕಾನೂನಿನದಲ್ಲ, ಚಪ್ಪಾಳೆಯವರದು.

ಆದುದರಿಂದ ಪೌರರೇ, ನಿಮ್ಮ ನಗರಸಭೆಯ ಆಯವ್ಯಯವನ್ನು ಓದಿರಿ. ಎಲ್ಲರ ಹಣವು ಒಂದು ಮತಕ್ಕಾಗಿ ವೆಚ್ಚವಾಗಿದ್ದರೆ ಸದಸ್ಯರನ್ನು ಹೆಸರು ಹಿಡಿದು ಕೇಳಿರಿ. ಉಪಾಧ್ಯಾಯರೇ, 1956ರ ನವೆಂಬರ 1ರಂದು ಈ ನಾಡು ಒಂದಾದದ್ದು ನುಡಿಯಿಂದ, ಮತದಿಂದಲ್ಲ ಎಂಬದನ್ನು ಮಕ್ಕಳಿಗೆ ಕಲಿಸಿರಿ. ಮನೆಯಲ್ಲಿ ಯಾವ ದೇವರಿಗೆ ಕೈಮುಗಿದು ಬಂದರೂ ನಿಮ್ಮ ತರಗತಿಯಲ್ಲಿ ಅವರೆಲ್ಲರೂ ಒಂದೇ ಮಣೆಯ ಮೇಲೆ ಕೂಡುವರು. ಆ ಮಣೆಯನ್ನು ಎರಡಾಗಿ ಸೀಳಲು ಯಾರೇ ಬಂದರೂ ಬಾಗಿಲಲ್ಲಿಯೇ ತಡೆಯಿರಿ.