ಮಸಿಯ ಮೂಲ

ಹೆಸರಿಗೆ ಎಕ್ಸ್‌ಪ್ರೆಸ್ ಹೈವೇಯಾದರೂ ಕಾಂದಿವಲಿಯಲ್ಲಿ ಕಾರುಗಳು ಆಮೆಯಂತೆ ತೆವಳುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಹೀಗೆ ನಿಂತು ನಿಂತು ಸಾಗುವ ಎಂಜಿನಿನಲ್ಲಿ ಶಾಖ ಸಾಲದೆ ಪೆಟ್ರೋಲು ಪೂರ್ಣವಾಗಿ ಉರಿಯದು. ಉಳಿದ ಇಂಗಾಲವು ಮಸಿಯಾಗಿ ಒಳಗೆ ಕಟ್ಟುತ್ತದೆ. ಎಂಜಿನಿನ ಶಕ್ತಿ ಕುಂದಿದೊಡನೆ ಅದನ್ನು ಕೆರೆಯಿಸಿಬಿಟ್ಟರೆ ಸಾಕೆಂದು ಅನೇಕರು ಬಗೆದಿದ್ದಾರೆ. ನಮಗದು ಸಮ್ಮತವಲ್ಲ. ಮೊದಲು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಅದರ ತುದಿಯ ತಿಳಿಗಂದು ಬಣ್ಣವು ಆರೋಗ್ಯದ ಕುರುಹು. ಒಣಮಸಿಯಿದ್ದರೆ ಪೆಟ್ರೋಲು ಅತಿಯಾಗಿರಬಹುದು, ಇಲ್ಲವೆ ಕಿಡಿ ದುರ್ಬಲವಾಗಿರಬಹುದು. ಜಿಡ್ಡುಮಸಿಯಿದ್ದರೆ ಸವೆದ ರಿಂಗುಗಳ ಮೂಲಕವೋ ಕವಾಟದ ಬಳಿಯಿಂದಲೋ ಎಣ್ಣೆ ಒಳಸೇರುತ್ತಿರಬಹುದು. ಆ ದೋಷವನ್ನು ತಿದ್ದದೆ ಮಸಿಯನ್ನಷ್ಟೇ ತೆಗೆಸಿದರೆ ಅದು ಮರಳಿ ಕಟ್ಟುವುದು. ಹಣ ನಷ್ಟವಾಗುವುದು ಒಡೆಯನಿಗೆ. ಹೊಗೆಯನ್ನು ಕುಡಿಯಬೇಕಾದವರು ದಾರಿಯಲ್ಲಿ ನಡೆವ ನಾವೆಲ್ಲರೂ. ಆದುದರಿಂದ ಮೊದಲು ಕಾರಣವನ್ನು ಕಳೆದು, ಅನಂತರ ಮಸಿಯನ್ನು ಕಳೆಯುವುದೇ ವಿವೇಕವೆಂದು ನಮ್ಮ ಅಭಿಪ್ರಾಯ.