ಕರೆಂಟಿನ ಕಸ ಮತ್ತು ನಮ್ಮ ಪಂಚಾಯಿತಿಗಳು

ನಮ್ಮ ಸದಸ್ಯ ಬಾಂಧವರು ತಮ್ಮ ಮನೆಯ ಅಟ್ಟ ಮತ್ತು ಕೊಟ್ಟಿಗೆಯ ಮೂಲೆಗಳನ್ನು ಒಮ್ಮೆ ನೋಡಿ ಬರಬೇಕೆಂದು ಕೋರುತ್ತೇವೆ. ಸುಟ್ಟುಹೋದ ಸ್ಟಾರ್ಟರು, ಸೋಲಾರ್ ಬೇಲಿಯ ಕೆಟ್ಟ ಪೆಟ್ಟಿಗೆ, ಹಳೇ ಡಬ್ಬಿ ಟಿ.ವಿ., ಬೆಂಗಳೂರಿನಿಂದ ಬಂದ ಮಕ್ಕಳು ಬಿಟ್ಟುಹೋದ ಮೊಬೈಲುಗಳು, ಗೋಡೆಗೆ ಒರಗಿಸಿಟ್ಟ ಟ್ಯೂಬ್‌ಲೈಟುಗಳು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷಗಳಲ್ಲಿ ಕೊಂಡ ಸಾಮಾನುಗಳಿವು. ಇವನ್ನು ಕೊಳ್ಳಲು ಸೊರಬಕ್ಕೋ ಶಿಕಾರಿಪುರಕ್ಕೋ ಹೋದರೆ ಅಂಗಡಿ ಉಂಟು. ಕೆಟ್ಟ ಮೇಲೆ ಎಲ್ಲಿಗೆ ಒಯ್ಯಬೇಕೆಂದು ಕೇಳಿದರೆ ಉತ್ತರವಿಲ್ಲ.

ಕಾಯ್ದೆ ಇಲ್ಲವೆಂದಲ್ಲ. ಈ ಕಸಕ್ಕೆಂದೇ ಮಾಡಿದ ಮೊದಲ ನಿಯಮಗಳು 2012ರ ಮೇ ತಿಂಗಳಿಂದ ಜಾರಿಯಲ್ಲಿದ್ದವು. 2016ರಲ್ಲಿ ಅವುಗಳ ಬದಲು ಬೇರೆ ನಿಯಮಗಳು ಬಂದವು. ಈಗ ನಡೆಯುತ್ತಿರುವುದು 2022ರ ನವೆಂಬರಿನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು. ಹಿಂದೆ 21 ಬಗೆಯ ಸಾಮಾನುಗಳಿದ್ದ ಪಟ್ಟಿಯಲ್ಲಿ ಈಗ 106 ಇವೆ; ಸೋಲಾರ್ ಫಲಕವೂ ಸೇರಿದೆ. ಮಾಲು ತಯಾರಿಸಿ ಮಾರಿದ ಕಂಪನಿಯೇ ಅದರ ಮರುಬಳಕೆಯ ಖರ್ಚನ್ನೂ ಹೊರಬೇಕೆಂಬುದು ಇದರ ತಿರುಳು. ಕಸದೊಳಗೆ ಬೆರೆತು ಬಂದ ಇಂಥ ಸಾಮಾನನ್ನು ಬೇರ್ಪಡಿಸಿ, ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಹೊಣೆ ಸ್ಥಳೀಯ ಸಂಸ್ಥೆಗಳದ್ದು. ತಯಾರಕನ ಗುರುತೇ ಸಿಗದ ಅನಾಥ ಮಾಲೂ ಅವುಗಳ ಪಾಲಿಗೇ.

ಓದಲು ಇದೆಲ್ಲ ಚೆನ್ನಾಗಿದೆ. ತೊಡಕಿರುವುದು ಇನ್ನೊಂದು ಕಡೆ. 2016ರ ನಿಯಮದಲ್ಲಿ ಸಂಗ್ರಹಣ ಕೇಂದ್ರ ಎಂಬುದೊಂದು ಇತ್ತು, ಹಳೆಯ ಮಾಲನ್ನು ವಾಪಸು ಪಡೆಯುವ ವ್ಯವಸ್ಥೆಯನ್ನು ಕಂಪನಿ ಮಾಡಬೇಕಿತ್ತು. ಹೊಸ ನಿಯಮ ಅದನ್ನು ಕೈಬಿಟ್ಟಿತು. ಈಗ ಕಂಪನಿಯವರು ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡರೆ ಅವರ ಲೆಕ್ಕ ಚುಕ್ತಾ. ಆ ಪತ್ರ ಹುಟ್ಟುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಈ ನಾಲ್ಕು ಲೋಹಗಳ ತೂಕದ ಮೇಲೆ. ಹೀಗಾದರೆ ಮರುಬಳಕೆದಾರ ಎಲ್ಲಿಂದ ಮಾಲು ಎತ್ತುತ್ತಾನೆ? ಹತ್ತಿರದ ಶಹರದಿಂದ ಎತ್ತುತ್ತಾನೆ. ಈ ಕೆಲಸವನ್ನು ಶಾಸ್ತ್ರೀಯವಾಗಿ ಮಾಡಲು ದೇಶದಲ್ಲೇ ಮೊದಲಿಗೆ ಆರಂಭವಾದ ಇ-ಪರಿಸರ ಎಂಬ ಕಾರ್ಖಾನೆ 2005ರಿಂದ ದಾಬಸ್‌ಪೇಟೆಯಲ್ಲಿದೆ. ಅದು ನಮ್ಮಿಂದ ಸುಮಾರು 300 ಕಿ.ಮೀ. ದೂರ. ಕುಪ್ಪಗಡ್ಡೆಯ ನಾಲ್ಕು ಟ್ಯೂಬ್‌ಲೈಟಿಗಾಗಿ ಅಷ್ಟು ದೂರದಿಂದ ಲಾರಿ ಬರುವುದಿಲ್ಲ. ಅದರೊಳಗಿನ ಪಾದರಸಕ್ಕೆ ಪ್ರಮಾಣಪತ್ರವೂ ಇಲ್ಲ.

ಗುಜರಿಯವನು ಬರುತ್ತಾನಲ್ಲ, ದುಡ್ಡೂ ಕೊಡುತ್ತಾನಲ್ಲ ಎಂದು ಅನೇಕರು ಕೇಳುತ್ತಾರೆ. ನಿಜ, ಆತನನ್ನು ನಾವು ದೂರುವುದಿಲ್ಲ. ಇಷ್ಟು ವರ್ಷ ಈ ಸೇವೆ ಮಾಡಿದವನು ಅವನೊಬ್ಬನೇ. ಆದರೆ ಬೆಲೆ ಇರುವುದನ್ನು ಮಾತ್ರ ಅವನು ಒಯ್ಯುತ್ತಾನೆ. ತಾಮ್ರ ಬೇಕೆಂದು ವಯರನ್ನು ಸುಟ್ಟರೆ ಅದರ ವಿಷಹೊಗೆ ಸುಟ್ಟವನಿಗೂ ತಪ್ಪದು, ಊರಿಗೂ ತಪ್ಪದು. ಟಿ.ವಿ.ಯ ಗಾಜಿನಲ್ಲಿ ಸೀಸವಿದೆ. ಅದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಕೆರೆ ಏರಿಯ ಪಕ್ಕ ಬೀಳುತ್ತದೆ. ಸೊರಬ ತಾಲ್ಲೂಕು ಕೆರೆಗಳ ತಾಲ್ಲೂಕು. ಗದ್ದೆ ತೋಟಗಳಿಗೆ ಹರಿಯುವುದೂ ದನ ಕುಡಿಯುವುದೂ ಅದೇ ನೀರು.

ಇನ್ವರ್ಟರಿನ ಬ್ಯಾಟರಿಯ ಕಥೆ ಬೇರೆ. ಅದಕ್ಕೆ 2022ರಲ್ಲೇ ಪ್ರತ್ಯೇಕ ನಿಯಮ ಬಂದಿದೆ. ಹಳೆಯದನ್ನು ಕೊಟ್ಟರೆ ಅಂಗಡಿಯವರು ಹೊಸದರ ಬೆಲೆಯಲ್ಲಿ ಇಷ್ಟೆಂದು ಮುರಿದುಕೊಳ್ಳುತ್ತಾರೆ, ಆದ್ದರಿಂದ ಅದು ಹಳ್ಳದಲ್ಲಿ ಬೀಳುವುದು ಕಡಿಮೆ. ಬೆಲೆ ಗೊತ್ತುಮಾಡಿದರೆ ಮಾಲು ತಾನೇ ನಡೆದು ಹೋಗುತ್ತದೆಂಬುದು ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾದ ಮಾತಲ್ಲ. 2023ರಲ್ಲಿ ಆಮದು ಅಡಿಕೆಗೆ ಕಿಲೋಗೆ 351 ರೂ. ಕನಿಷ್ಠ ಬೆಲೆ ಕಟ್ಟಿದಾಗ ನಾವೆಲ್ಲ ಸ್ವಾಗತಿಸಿದೆವು. ಅದೇ ರೀತಿ 2024ರಲ್ಲಿ ಕೇಂದ್ರ ಸರ್ಕಾರ ಮನೆಬಳಕೆಯ ವಿದ್ಯುತ್ ಸಾಮಾನುಗಳ ಮರುಬಳಕೆಗೆ ಕಂಪನಿಗಳು ಕಿಲೋಗೆ ಕನಿಷ್ಠ 22 ರೂ. ಕೊಡಬೇಕೆಂದು ಗೊತ್ತುಮಾಡಿತು. ಇದು ಹೆಚ್ಚಾಯಿತೆಂದು ಕೆಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿವೆ. ಆ ಹಣದಲ್ಲಿ ಒಂದು ಪಾಲಾದರೂ ಮಾಲು ಒಟ್ಟುಮಾಡಿ ಕೊಟ್ಟ ಪಂಚಾಯಿತಿಗೆ ಸಾಗಾಣಿಕೆ ವೆಚ್ಚವಾಗಿ ಬರಬೇಕೆಂಬುದು ನಮ್ಮ ಬೇಡಿಕೆ. ಹೊಣೆಯನ್ನು ಕೆಳಗಿಳಿಸಿ ಹಣವನ್ನು ಮೇಲೆಯೇ ಇಟ್ಟುಕೊಳ್ಳುವುದು ಪಂಚಾಯಿತಿಗಳಿಗೆ ಹಳೇ ಅನುಭವ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಒಂದು ಘಟಕವಿದ್ದು, ಹಲವು ಗ್ರಾಮ ಪಂಚಾಯಿತಿಗಳ ಒಣಕಸ ಅಲ್ಲಿಗೇ ಹೋಗುತ್ತದೆ. ಒಂದು ಪಂಚಾಯಿತಿಗೆ ಲಾರಿ ತುಂಬದಿದ್ದರೂ ಹತ್ತಾರು ಸೇರಿದರೆ ತುಂಬುತ್ತದೆ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣಗಳನ್ನು ಕಟ್ಟಲಾಗಿದ್ದು, ಮಹಿಳಾ ಸ್ವಸಹಾಯ ಸಂಘದವರು ಕಸ ವಿಂಗಡಿಸುತ್ತಾರೆ. ಅಲ್ಲಿ ಕರೆಂಟಿನ ಸಾಮಾನಿಗೆಂದು ಮಳೆ ತಾಗದ, ಬೀಗವಿರುವ ಒಂದು ಕೋಣೆ ಬೇಕು. ಹೆಣ್ಣುಮಕ್ಕಳಿಗೆ ಕೈಗವಸು ಮತ್ತು ತರಬೇತಿ ಬೇಕು. ಇದಕ್ಕೆ ಠರಾವು ಮಾಡಿಸಲು ಗ್ರಾಮಸಭೆಯೇ ಜಾಗ. ನಮ್ಮ ಸದಸ್ಯರು ಅಲ್ಲಿಗೆ ಹೋಗುವುದು ಕಡಿಮೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ಸಂಘದಿಂದ ಮಾಡಬಹುದಾದ್ದು ಇಷ್ಟು. ವರ್ಷಕ್ಕೆ ಎರಡು ಸಲ, ಕೊಯ್ಲು ಮುಗಿದ ಮೇಲೊಮ್ಮೆ ಹಾಗೂ ದೀಪಾವಳಿಗೆ ಮನೆ ತೊಳೆಯುವ ಕಾಲಕ್ಕೊಮ್ಮೆ, ಗೊತ್ತಾದ ದಿನ ನಮ್ಮ ಗೋದಾಮಿನ ಜಗಲಿಯಲ್ಲಿ ತೂಕದ ಯಂತ್ರ ಇಟ್ಟು ಸಾಮಾನು ಇಳಿಸಿಕೊಳ್ಳಬಹುದು. ರಸೀತಿ ಪಂಚಾಯಿತಿಯ ಹೆಸರಿನಲ್ಲೇ ಇರಲಿ; ಮಾಲು ನೋಂದಾಯಿತ ಮರುಬಳಕೆದಾರರಿಗಲ್ಲದೆ ಬೇರೆಯವರಿಗೆ ಹೋಗಬಾರದು. ಮರುಬಳಕೆದಾರರಿಗೇ ನಿಯಮದಲ್ಲಿ ದಾಸ್ತಾನಿಗೆ ಸಾಮಾನ್ಯವಾಗಿ 180 ದಿನಗಳ ಮಿತಿ ಇರುವುದರಿಂದ, ನಾವೂ ಅದಕ್ಕಿಂತ ಹೆಚ್ಚು ದಿನ ಇಟ್ಟುಕೊಳ್ಳುವುದು ಸರಿಯಲ್ಲ. ಟ್ಯೂಬ್‌ಲೈಟನ್ನು ಒಡೆಯದೆ, ರಟ್ಟು ಸುತ್ತಿ ತರಬೇಕು. ಮೊಬೈಲಿನ ಸಿಮ್ ತೆಗೆದು, ಒಳಗಿನ ವಿವರ ಅಳಿಸಿ ತರಬೇಕು.

ಈ ವಿಷಯವನ್ನು ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಗೆ ಸೇರಿಸಲು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತಿದ್ದೇವೆ. ಸದಸ್ಯರು ಬರುವಾಗ ತಮ್ಮ ಮನೆಯಲ್ಲಿ ಕೆಟ್ಟು ಬಿದ್ದಿರುವ ಸಾಮಾನುಗಳ ಪಟ್ಟಿ ಬರೆದು ತಂದರೆ, ಒಂದು ಲಾರಿಗೆ ಎಷ್ಟು ಊರು ಸೇರಬೇಕೆಂಬ ಅಂದಾಜು ಅಂದೇ ಸಿಗುತ್ತದೆ.